ಎಷ್ಟು ಗಂಟೆಗೆ ಅಳೆದಿರಿ?

ಮೊದಲು ಒಂದು ಕೆರೆಯ ವಿಷಯ ಹೇಳಿಬಿಡುತ್ತೇನೆ. ಪರಿಸರ ವಿಜ್ಞಾನದ ಕೋರ್ಸು, ಅದರಿಂದ ಸಿಗುವ ಕೆಲಸ ಎಲ್ಲ ಆಮೇಲೆ.

ನಾನು ಪದವಿಯ ಎರಡನೇ ವರ್ಷದಲ್ಲಿದ್ದೆ. ನಮ್ಮ ನಾಲ್ಕು ಜನರ ಗುಂಪಿಗೆ ಒಂದು ಕೆರೆ ಗೊತ್ತು ಮಾಡಿ, ಅದರ ನೀರಿನಲ್ಲಿ ಎಷ್ಟು ಆಮ್ಲಜನಕ ಕರಗಿದೆ ಅಂತ ಅಳೆದು ತನ್ನಿ ಎಂದರು. ಹಸಿರು ಬಣ್ಣ ಕದಡಿ ಇಟ್ಟ ಹಾಗಿತ್ತು ಆ ಕೆರೆ. ದಡದಲ್ಲಿ ನಿಲ್ಲಲಾಗದಷ್ಟು ವಾಸನೆ. ಅಳೆಯುವ ಮೊದಲೇ ನಮ್ಮ ತೀರ್ಪು ಆಗಿಹೋಗಿತ್ತು: ಇದರಲ್ಲಿ ಆಮ್ಲಜನಕ ಎಲ್ಲಿಂದ ಬರಬೇಕು? ಊಟ ಮುಗಿಸಿ ಆರಾಮಾಗಿ ಹೋಗಿ ಎರಡು ಬಾಟಲಿ ನೀರು ಹಿಡಿದು ತಂದೆವು. ಲ್ಯಾಬಿನಲ್ಲಿ ನೋಡಿದರೆ ಲೀಟರಿಗೆ 13 ಮಿಲಿಗ್ರಾಂ! 25 ಡಿಗ್ರಿ ಬಿಸಿಯ ಶುದ್ಧ ನೀರು ಗಾಳಿಯಿಂದ ತಾನಾಗಿ ಹಿಡಿದುಕೊಳ್ಳುವುದೇ ಸುಮಾರು 8. ಎರಡನೇ ಬಾಟಲಿಯಲ್ಲೂ ಅಷ್ಟೇ ಬಂತು. ಕೆರೆ ನೋಡೋಕೆ ಹಾಗಿದೆ, ಒಳಗೆ ಚೆನ್ನಾಗಿಯೇ ಇದೆ ಅಂತ ರಿಪೋರ್ಟ್ ಬರೆದೆವು.

ನಮ್ಮ ಮೇಷ್ಟ್ರು ಆ ರಿಪೋರ್ಟ್ ಓದಲೇ ಇಲ್ಲ. ಫೀಲ್ಡ್ ಪುಸ್ತಕ ತಿರುವಿ, "ಎಷ್ಟು ಗಂಟೆಗೆ ಅಳೆದಿರಿ?" ಅಂದರು. ನಾವು ಮುಖ ಮುಖ ನೋಡಿಕೊಂಡೆವು. ತಾರೀಕು ಬರೆದಿದ್ದೆವು, ಹೊತ್ತು ಬರೆದಿರಲಿಲ್ಲ. "ನಾಳೆ ಸೂರ್ಯ ಹುಟ್ಟೋಕೆ ಮುಂಚೆ ಹೋಗಿ" ಅಂದರು, ಅಷ್ಟೇ.

ಮರುದಿನ ಕತ್ತಲಲ್ಲಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಬಾಟಲಿ ತುಂಬಿಸಿದೆವು. ಬೆಳಕು ಹರಿಯುವಾಗ ನೋಡಿದರೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಒದ್ದಾಡುತ್ತಿದ್ದವು. ಲ್ಯಾಬಿನಲ್ಲಿ ಬಂದ ಅಂಕಿ 1.4.

ಅದೇ ಕೆರೆ, ಅದೇ ಜಾಗ, ನಡುವೆ ಒಂದು ರಾತ್ರಿ. ಆಗಿದ್ದು ಇಷ್ಟು. ಹಗಲು ಬಿಸಿಲಿದ್ದಾಗ ಪಾಚಿ ಸಿಕ್ಕಾಪಟ್ಟೆ ಆಮ್ಲಜನಕ ಬಿಡುತ್ತದೆ. ರಾತ್ರಿ ಆ ಕೆಲಸ ನಿಲ್ಲುತ್ತದೆ. ಆದರೆ ಉಸಿರಾಟ ನಿಲ್ಲುವುದಿಲ್ಲ ಅಲ್ವಾ? ಪಾಚಿಯೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ, ತಳದಲ್ಲಿ ಕೊಳೆತದ್ದನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ. ಬೆಳಗಾಗುವಷ್ಟರಲ್ಲಿ ಹಗಲಿನ ಗಳಿಕೆಯೆಲ್ಲ ಖಾಲಿ. ಆರೋಗ್ಯ ಅಂತ ನಾವು ಬರೆದುಕೊಟ್ಟ 13ರ ಅಂಕಿಯೇ ಕಾಯಿಲೆಯ ಲಕ್ಷಣವಾಗಿತ್ತು. ನಮ್ಮ ರಾಸಾಯನಿಕ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ, ಗೊತ್ತಿರಲಿ.

ಪರಿಸರ ವಿಜ್ಞಾನದ ಪದವಿ ಏನು ಕಲಿಸುತ್ತದೆ ಅಂತ ನೀವು ಕೇಳಿ ಕಳಿಸಿದ್ದಿರಿ. ಆ ಮೇಷ್ಟ್ರ ಪ್ರಶ್ನೆಯನ್ನು ಕೇಳುವುದು ಕಲಿಸುತ್ತದೆ. ಒಂದು ಅಂಕಿ ಕಂಡರೆ ಅದು ಎಲ್ಲಿಂದ ಬಂತು, ಯಾವ ಹೊತ್ತಿನದು, ಯಾರು ಹೇಗೆ ಹಿಡಿದರು ಅಂತ ತಡಕುವ ಚಾಳಿ. ಮನೆಯಲ್ಲಿ ಈ ಚಾಳಿ ಎಲ್ಲರಿಗೂ ಇಷ್ಟವಾಗುವುದಿಲ್ಲ, ಅದು ಬೇರೆ ಮಾತು.

ಈ ಕೋರ್ಸಿಗೆ ಬರುವವರಲ್ಲಿ ತುಂಬಾ ಜನ ಕಾಡು, ಹಕ್ಕಿ, ಸಮುದ್ರ ಇವುಗಳ ಮೇಲಿನ ಪ್ರೀತಿಯಿಂದ ಬರುತ್ತಾರೆ. ಬರಲಿ, ಒಳ್ಳೆಯದೇ. ಆದರೆ ಮೊದಲ ವರ್ಷ ಅವರಿಗೆ ಕಾಡು ಸಿಗುವುದಿಲ್ಲ. ರಸಾಯನಶಾಸ್ತ್ರ, ಒಂದಿಷ್ಟು ಭೌತಶಾಸ್ತ್ರ, ಕಲ್ಲುಮಣ್ಣಿನ ಭೂವಿಜ್ಞಾನ, ಗಣಿತ, ಜೀವವಿಜ್ಞಾನ ಸಿಗುತ್ತದೆ. "ನಾನು ಆನೆ ನೋಡಬೇಕು ಅಂತ ಬಂದೆ, ಇಲ್ಲಿ ಪಿಎಚ್ ಲೆಕ್ಕ ಹಾಕಿಸ್ತಿದಾರೆ" ಅಂತ ನನ್ನ ಮುಂದೆ ಕೂತು ಅತ್ತವರಿದ್ದಾರೆ. ಸ್ವಲ್ಪ ತಡೆದುಕೊಳ್ಳಿ ಅಂತ ಹೇಳಿ ಕಳಿಸಿದ್ದೇನೆ. ತಡೆದುಕೊಂಡವರಲ್ಲಿ ಒಬ್ಬಳು ಈಗ ಆನೆಯ ಲದ್ದಿಯನ್ನೇ ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾಳೆ. ಲದ್ದಿಯಲ್ಲಿರುವ ಹಾರ್ಮೋನ್ ಅಳೆದರೆ ಪ್ರಾಣಿ ಎಷ್ಟು ಒತ್ತಡದಲ್ಲಿದೆ ಅಂತ ಅಂದಾಜು ಸಿಗುತ್ತದೆ. ಅಲ್ಲೂ ರಸಾಯನಶಾಸ್ತ್ರವೇ ಬಂತು ನೋಡಿ.

ಹೆಸರುಗಳ ಗೊಂದಲವೊಂದಿದೆ, ಬೇಗ ಹೇಳಿ ಮುಗಿಸುತ್ತೇನೆ. ಪರಿಸರ ಅಧ್ಯಯನ ಅಂದರೆ ಸಾಮಾನ್ಯವಾಗಿ ಸಮಾಜ, ನೀತಿ, ಕಾನೂನಿನ ಕಡೆ ವಾಲಿರುತ್ತದೆ. ಪರಿಸರ ಎಂಜಿನಿಯರಿಂಗ್ ಅಂದರೆ ನೀರು ಶುದ್ಧ ಮಾಡುವ ಘಟಕದಂಥವನ್ನು ಕಟ್ಟುವುದು. ಇಕಾಲಜಿ ಜೀವಿಗಳ ನಡುವಿನ ಸಂಬಂಧದ ಶಾಸ್ತ್ರ. ಪರಿಸರ ವಿಜ್ಞಾನ ಇವೆಲ್ಲದರ ಜೊತೆಗೂ ಮಾತಾಡಬೇಕಾದ ವಿಜ್ಞಾನ ಪದವಿ. ಹೆಸರು ನೋಡಿ ಸೇರಬೇಡಿ. ಒಂದೇ ಹೆಸರಿನ ಕೋರ್ಸು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಸಿಲಬಸ್ ತರಿಸಿ ಓದಿ.

ಈಗ ಮತ್ತೆ ಬಾಟಲಿಗೆ ಬರೋಣ. ಅದರ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಕರಗಿದ ಆಮ್ಲಜನಕ ಅಳೆಯಲು ಈಗ ಮೀಟರ್ ಇದೆ. ನೀರಿಗೆ ಅದ್ದಿದರೆ ಅಂಕಿ ಬರುತ್ತದೆ. ಆದರೂ ವಿದ್ಯಾರ್ಥಿಗಳಿಗೆ ಒಮ್ಮೆಯಾದರೂ ಹಳೇ ವಿಂಕ್ಲರ್ ವಿಧಾನ ಮಾಡಿಸಬೇಕು ಅನ್ನುವವನು ನಾನು. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕಂಡುಹಿಡಿದದ್ದು. ಗಾಜಿನ ಮುಚ್ಚಳದ ಬಾಟಲಿಯನ್ನು ಒಂದೇ ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿಸಬೇಕು. ಗುಳ್ಳೆ ಉಳಿದರೆ ನೀವು ಕೆರೆ ಬಿಟ್ಟು ಗಾಳಿಯನ್ನು ಅಳೆದಂತೆ. ನೀರಿನ ಹತ್ತಿರವೇ ನಿಂತು ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಆಮೇಲೆ ಕ್ಷಾರ ಬೆರೆಸಿದ ಅಯೊಡೈಡ್ ಹಾಕಿ, ಮುಚ್ಚಿ, ಮೇಲೆ ಕೆಳಗೆ ಮಾಡಬೇಕು. ಆಗ ಬಾಟಲಿಯೊಳಗೆ ಮೋಡ ಕಟ್ಟುತ್ತದೆ. ಆಮ್ಲಜನಕ ಇದ್ದರೆ ಕಂದು ಮೋಡ, ಇಲ್ಲದಿದ್ದರೆ ಬಿಳಿ. ಆ ಬೆಳಗಿನ ಜಾವ ನಮ್ಮ ಬಾಟಲಿಯಲ್ಲಿ ಕಟ್ಟಿದ್ದು ಹೆಚ್ಚುಕಮ್ಮಿ ಬಿಳಿ ಮೋಡ. ಲ್ಯಾಬಿಗೆ ಹೋಗುವ ಮೊದಲೇ ಉತ್ತರ ಕೈಯಲ್ಲಿತ್ತು.

ಲ್ಯಾಬಿನಲ್ಲಿ ಆಮ್ಲ ಹಾಕಿದರೆ ಆ ಗಸಿ ಕರಗಿ ನೀರು ಹಳದಿಯಾಗುತ್ತದೆ. ಎಷ್ಟು ಆಮ್ಲಜನಕವಿತ್ತೋ ಅದಕ್ಕೆ ತಕ್ಕಷ್ಟು ಅಯೋಡಿನ್ ಬಿಡುಗಡೆಯಾಗಿರುತ್ತದೆ. ಬ್ಯೂರೆಟ್‌ನಿಂದ ಥಯೋಸಲ್ಫೇಟ್ ಹನಿ ಹನಿ ಬಿಡುತ್ತಾ ಹೋಗಬೇಕು. ಹಳದಿ ಒಣಹುಲ್ಲಿನ ಬಣ್ಣಕ್ಕೆ ಇಳಿದಾಗ ಎರಡು ಹನಿ ಪಿಷ್ಟದ ದ್ರಾವಣ. ತಕ್ಷಣ ಕಡುನೀಲಿ. ಇನ್ನು ಕೆಲವೇ ಹನಿ. ಒಂದು ಹನಿಗೆ ನೀಲಿ ಫಕ್ಕನೆ ಮಾಯವಾಗುತ್ತದೆ. ಆ ಒಂದು ಹನಿಯ ಹಿಂದೆ ಮುಂದೆ ಆದರೆ ಅಂಕಿ ಬದಲಾಗುತ್ತದೆ. ಇದನ್ನು ಕೈಯಾರೆ ಮಾಡಿದವರು ಮೀಟರಿನ ಪರದೆ ಮೇಲೆ 6.42 ಅಂತ ಕಂಡಾಗ ಆ ಕೊನೆಯ 2ನ್ನು ಎಷ್ಟು ನಂಬಬೇಕು ಅಂತ ಯೋಚಿಸುತ್ತಾರೆ. ಮೀಟರ್ ಮಾತ್ರ ಕಂಡವರಿಗೆ ಅದು ದೇವರ ವಾಕ್ಯ.

ಇದರ ಪಕ್ಕದ ಪರೀಕ್ಷೆ ಬಿಒಡಿ. ಕೊಳಚೆ ಎಷ್ಟು ಆಮ್ಲಜನಕ ತಿನ್ನುತ್ತದೆ ಅಂತ ನೋಡಲು ಬಾಟಲಿಯನ್ನು ಕತ್ತಲಲ್ಲಿ 20 ಡಿಗ್ರಿಯಲ್ಲಿ 5 ದಿನ ಇಡುವುದು. ಯಾಕೆ ಐದೇ ದಿನ? ಬ್ರಿಟನ್ನಿನ ಕೊಳಚೆ ವಿಲೇವಾರಿಯ ರಾಯಲ್ ಕಮಿಷನ್ನಿನ ಕಾಲದ ಲೆಕ್ಕ ಅದು. ಅಲ್ಲಿನ ನದಿಗಳು ಹುಟ್ಟಿದ ಜಾಗದಿಂದ ಸಮುದ್ರ ಸೇರಲು ಐದು ದಿನಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ ಅಂತ ಆ ಅವಧಿ ಇಟ್ಟರು. ಒಂದು ದ್ವೀಪದ ಗಿಡ್ಡ ನದಿಗಳ ಲೆಕ್ಕವನ್ನು ಈಗ ಸಾವಿರಾರು ಕಿಲೋಮೀಟರ್ ಹರಿಯುವ ನದಿಗಳಿಗೂ ಬಳಸುತ್ತೇವೆ! ತಪ್ಪು ಅಂತ ಹೇಳುತ್ತಿಲ್ಲ. ಎಲ್ಲರೂ ಒಂದೇ ಅಳತೆಗೋಲು ಹಿಡಿದರೆ ಹೋಲಿಸಲು ಸುಲಭ. ಆದರೆ ಆ ಕೋಲು ಎಲ್ಲಿ ಕಡಿದದ್ದು ಅಂತ ಗೊತ್ತಿರಬೇಕು.

ಕೆರೆ ಹಸಿರಾಗಿದ್ದು ಯಾಕೆ ಅಂತ ನೀವಿನ್ನೂ ಕೇಳಲಿಲ್ಲ. 1960ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಈ ಪ್ರಶ್ನೆಗೆ ದೊಡ್ಡ ಜಗಳವೇ ನಡೆದಿತ್ತು. ಬಟ್ಟೆ ಒಗೆಯುವ ಪುಡಿಯಲ್ಲಿರುವ ರಂಜಕವೇ ಕಾರಣ ಅಂತ ಕೆಲವರು. ಅಲ್ಲ, ಇಂಗಾಲ ಅಂತ ಇನ್ನು ಕೆಲವರು. ಗಾಜಿನ ಪಾತ್ರೆಯಲ್ಲಿ ಮಾಡಿದ ಪ್ರಯೋಗಗಳು ಎರಡೂ ಕಡೆಯವರಿಗೆ ಬೇಕಾದ ಉತ್ತರ ಕೊಡುತ್ತಿದ್ದವು. ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು ಕೆನಡಾದ ಒಂಟಾರಿಯೋದಲ್ಲಿ ಪಾತ್ರೆಯನ್ನೇ ಬಿಟ್ಟು ಒಂದು ಇಡೀ ಸರೋವರವನ್ನೇ ತೆಗೆದುಕೊಂಡರು. ಅದಕ್ಕೆ ಹೆಸರೂ ಇಲ್ಲ, 226 ಅಂತ ನಂಬರು. ನಡು ಸಣ್ಣಗಾಗಿ ಎರಡು ಭಾಗವಿದ್ದ ಹಾಗಿತ್ತು. 1973ರಲ್ಲಿ ಆ ಸಣ್ಣ ಜಾಗಕ್ಕೆ ಅಡ್ಡಲಾಗಿ ಪ್ಲಾಸ್ಟಿಕ್ ಪರದೆ ಕಟ್ಟಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆ ಮಾತ್ರ ರಂಜಕವನ್ನೂ ಹಾಕಿದರು. ಆ ಭಾಗ ಪಾಚಿಯಿಂದ ಹಸಿರಾಯಿತು. ಪರದೆಯ ಆಚೆಗೆ ನೀರು ಕಪ್ಪಗೆ, ತಿಳಿಯಾಗಿ ಹಾಗೇ ಇತ್ತು. ಮೇಲಿನಿಂದ ತೆಗೆದ ಆ ಫೋಟೋ ಹುಡುಕಿ ನೋಡಿ. ನೂರು ಪುಟದ ವಾದ ಮಾಡಲಾಗದ್ದನ್ನು ಆ ಒಂದು ಫೋಟೋ ಮಾಡಿತು. ಪರಿಸರ ವಿಜ್ಞಾನದಲ್ಲಿ ಪ್ರಯೋಗ ಅಂದರೆ ಇಷ್ಟು ದೊಡ್ಡದೂ ಇರಬಹುದು ಅಂತ ನನಗೆ ಅದನ್ನು ನೋಡಿದಾಗಲೇ ಹೊಳೆದದ್ದು.

ಈಗ ನೀರು ಬಿಟ್ಟು ಗಾಳಿಗೆ ಹೋಗೋಣ. ಗಂಟೆಯ ಪ್ರಶ್ನೆ ಅಲ್ಲೂ ಇದೆ, ಆದರೆ ತಲೆಕೆಳಗಾಗಿ.

1955ರಲ್ಲಿ ಚಾರ್ಲ್ಸ್ ಕೀಲಿಂಗ್ ಅನ್ನುವ ತರುಣ ರಸಾಯನಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಬಿಗ್ ಸರ್ ಕಾಡಿನಲ್ಲಿ ಗಾಜಿನ ಬುಡ್ಡಿಗಳಲ್ಲಿ ಗಾಳಿ ಹಿಡಿಯುತ್ತಿದ್ದ. ಕೆಲವು ಗಂಟೆಗೊಮ್ಮೆ ಎದ್ದು, ರಾತ್ರಿಯೆಲ್ಲ. ನೋಡಿದರೆ ಇಂಗಾಲದ ಡೈಆಕ್ಸೈಡ್ ರಾತ್ರಿ ಜಾಸ್ತಿ, ಹಗಲು ಕಡಿಮೆ. ರಾತ್ರಿಯ ಅಂಕಿ ಒಂದೊಂದು ಜಾಗದಲ್ಲಿ ಒಂದೊಂದು. ಆದರೆ ಮಧ್ಯಾಹ್ನದ ಅಂಕಿ ಮಾತ್ರ ಎಲ್ಲಿ ಹೋದರೂ ಹತ್ತು ಲಕ್ಷಕ್ಕೆ 310 ಭಾಗದ ಆಸುಪಾಸು. ಯಾಕೆಂದರೆ ಬಿಸಿಲೇರಿದಾಗ ನೆಲದ ಗಾಳಿ ಮೇಲಕ್ಕೆದ್ದು ಸುತ್ತಲಿನ ದೊಡ್ಡ ಗಾಳಿಯ ಜೊತೆ ಚೆನ್ನಾಗಿ ಬೆರೆಯುತ್ತದೆ. ನಮ್ಮ ಕೆರೆಯ ಮಧ್ಯಾಹ್ನ ಸುಳ್ಳು ಹೇಳಿತ್ತು. ಕೀಲಿಂಗನ ಮಧ್ಯಾಹ್ನ ನಿಜ ಹೇಳಿತು. ಹಾಗಾಗಿ "ಬೆಳಗ್ಗೆ ಅಳೆಯಬೇಕು" ಅಂತ ಬಾಯಿಪಾಠ ಮಾಡಿಕೊಂಡರೆ ಉಪಯೋಗವಿಲ್ಲ. ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿದ್ದರೆ ಯಾವ ಹೊತ್ತು ಅಂತ ತಾನಾಗಿ ಗೊತ್ತಾಗುತ್ತದೆ.

ಆಮೇಲೆ 1958ರ ಮಾರ್ಚ್‌ನಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅವನ ಯಂತ್ರ ಶುರುವಾಯಿತು. ಅದು ಜ್ವಾಲಾಮುಖಿ ಬೆಟ್ಟ. ಅದೂ ಇದೇ ಅನಿಲ ಉಗುಳುತ್ತದೆ. ಗಾಳಿ ಬಾಯಿಯ ಕಡೆಯಿಂದ ಬೀಸಿದ ಹೊತ್ತಿನ ಅಂಕಿಗಳನ್ನು ಬೇರೆ ತೆಗೆದಿಡಬೇಕಾಯಿತು. ಮೇ ತಿಂಗಳ ತನಕ ಅಂಕಿ ಏರಿತು, ಆಮೇಲೆ ಇಳಿಯಿತು. ಉತ್ತರ ಗೋಳಾರ್ಧದ ಗಿಡಮರಗಳು ಚಿಗುರಿ ಮೇ ನಂತರದ ತಿಂಗಳುಗಳಲ್ಲಿ ಅನಿಲ ಎಳೆದುಕೊಳ್ಳುವುದು, ಚಳಿಯಲ್ಲಿ ಬಿಡುವುದು, ಅದೇ ಆ ಏರಿಳಿತ. ಪ್ರತಿ ವರ್ಷದ ಅಲೆ ಹಿಂದಿನ ವರ್ಷದ ಅಲೆಗಿಂತ ಒಂದಿಷ್ಟು ಮೇಲೆ ಕೂರುತ್ತಾ ಬಂತು. ಶುರುವಿನಲ್ಲಿ 315ರ ಹತ್ತಿರವಿದ್ದದ್ದು ಈಗ 420 ದಾಟಿದೆ. ನಡುವೆ ಹಣವಿಲ್ಲದೆ ಈ ಅಳತೆ ನಿಂತೇಹೋಗುವ ಸ್ಥಿತಿ ಬಂದಿತ್ತು. ಒಂದೇ ಜಾಗದಲ್ಲಿ ಒಂದೇ ವಸ್ತುವನ್ನು ವರ್ಷಗಟ್ಟಲೆ ಅಳೆಯುವುದು ಹೊರಗಿನವರಿಗೆ ಬೇಜಾರಿನ ಕೆಲಸದ ಹಾಗೆ ಕಾಣುತ್ತದೆ. ಒಳಗಿನವರಿಗೂ ಒಮ್ಮೊಮ್ಮೆ ಹಾಗೇ ಅನಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಪಾಠ ನಮ್ಮ ಕೈಯ ಕೊಳೆಯದು. ಲ್ಯಾಬಿನಲ್ಲಿ ಬ್ಲ್ಯಾಂಕ್ ಅಂತ ಮಾಡಿಸುತ್ತಾರೆ. ಸ್ಯಾಂಪಲ್ ಇಲ್ಲದೆ ಬರೀ ಶುದ್ಧ ನೀರಿಗೆ ಎಲ್ಲ ರಾಸಾಯನಿಕ ಹಾಕಿ ಅದೇ ಪರೀಕ್ಷೆ ಮಾಡುವುದು. ಸೊನ್ನೆ ಬರಬೇಕು. ವಿದ್ಯಾರ್ಥಿಗಳು ಇದನ್ನು ಸುಮ್ನೆ ದಂಡ ಅಂದುಕೊಂಡು ಹಾರಿಸುತ್ತಾರೆ. ಅಂಥವರಿಗೆ ನಾನು ಕ್ಲೇರ್ ಪ್ಯಾಟರ್ಸನ್ ಕಥೆ ಹೇಳುತ್ತೇನೆ. ಭೂಮಿಗೆ ಸುಮಾರು 455 ಕೋಟಿ ವರ್ಷ ಅಂತ 1956ರಲ್ಲಿ ಲೆಕ್ಕ ಕೊಟ್ಟವನು. ಅದಕ್ಕೆ ಉಲ್ಕಾಶಿಲೆಯಲ್ಲಿರುವ ಸೀಸ ಅಳೆಯಬೇಕಿತ್ತು. ಎಷ್ಟು ಅಳೆದರೂ ಬೇಕಾಬಿಟ್ಟಿ ಸೀಸ ಬರುತ್ತಿತ್ತು. ಅದು ಕಲ್ಲಿನದಲ್ಲ. ಗಾಳಿಯಿಂದ, ಧೂಳಿನಿಂದ, ಪಾತ್ರೆಯಿಂದ, ಮೈಯಿಂದ ಬರುತ್ತಿತ್ತು. ಅವನು ಕೋಣೆಯನ್ನು ತಿಕ್ಕಿ ತೊಳೆದು, ಶೋಧಿಸಿದ ಗಾಳಿ ಬಿಟ್ಟು, ಸೀಸವಿಲ್ಲದ ಲ್ಯಾಬ್ ಕಟ್ಟಿದ. ಭೂಮಿಯ ವಯಸ್ಸು ಸಿಕ್ಕಿತು. ಆದರೆ ಇಷ್ಟು ಸೀಸ ಎಲ್ಲಿಂದ ಬಂತು ಅನ್ನುವುದು ಅವನನ್ನು ಬಿಡಲಿಲ್ಲ. ಸಮುದ್ರದ ಮೇಲಿನ ನೀರಲ್ಲಿ ಆಳದ ನೀರಿಗಿಂತ ಜಾಸ್ತಿ ಸೀಸ ಕಂಡಿತು. ಅಂದರೆ ಮೇಲಿನಿಂದ, ಇತ್ತೀಚೆಗೆ ಬಿದ್ದದ್ದು. ಮೂಲ, ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ. ದೊಡ್ಡವರ ವಿರೋಧ ಕಟ್ಟಿಕೊಂಡು ಅದನ್ನು ಹೇಳಿದ. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅದನ್ನು ನಿಲ್ಲಿಸಿದ್ದು 2021ರಲ್ಲಿ. ಬ್ಲ್ಯಾಂಕ್ ಹಾರಿಸಬೇಡಿ ಅಂತ ನಾನು ಗೋಳಾಡುವುದು ಇದಕ್ಕೇ.

ಎರಡು, ಮೂರನೇ ವರ್ಷಕ್ಕೆ ಬಂದರೆ ಸ್ಟ್ಯಾಟಿಸ್ಟಿಕ್ಸ್, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು), ಕಾನೂನು, ಪರಿಸರ ಪರಿಣಾಮದ ಅಂದಾಜು ಇವೆಲ್ಲ ಸೇರುತ್ತವೆ. ಜಿಐಎಸ್‌ನಲ್ಲಿ ಉಪಗ್ರಹದ ಚಿತ್ರ ತೆಗೆದು ಕಾಡಿಗೆ ಹಸಿರು, ನೀರಿಗೆ ನೀಲಿ ಬಳಿಯುವುದು ಎಲ್ಲರಿಗೂ ಖುಷಿ. ಲ್ಯಾಂಡ್‌ಸ್ಯಾಟ್ ಅನ್ನುವ ಅಮೆರಿಕದ ಉಪಗ್ರಹಗಳ ಚಿತ್ರಗಳು 1972ರಿಂದ ಇವೆ, 2008ರಿಂದ ಪುಕ್ಕಟೆ. ಈಗಿನ ಚಿತ್ರದ ಒಂದು ಚುಕ್ಕಿ ಅಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಅಷ್ಟರೊಳಗೆ ಅರ್ಧ ಕಾಡು, ಅರ್ಧ ತೋಟ ಇದ್ದರೆ ಕಂಪ್ಯೂಟರ್ ಏನೋ ಒಂದು ಹೆಸರು ಕೊಡಲೇಬೇಕು. ಹೋಗಿ ನೋಡದೆ ಅದನ್ನು ನಂಬಿದರೆ ನೆಡುತೋಪು ದಟ್ಟ ಅಡವಿಯಾಗಿಬಿಡುತ್ತದೆ.

ಪರಿಸರ ಪರಿಣಾಮದ ಅಂದಾಜು ಅನ್ನುವುದು ಅಮೆರಿಕದಲ್ಲಿ 1970ರ ಜನವರಿ 1ರಂದು ಜಾರಿಯಾದ ಕಾಯಿದೆಯಿಂದ ಶುರುವಾಗಿ ಲೋಕಕ್ಕೆಲ್ಲ ಹಬ್ಬಿತು. ಅಣೆಕಟ್ಟೋ ಗಣಿಯೋ ಶುರು ಮಾಡುವ ಮೊದಲು ಅದರಿಂದ ಏನೇನಾಗುತ್ತದೆ ಅಂತ ಬರೆದುಕೊಡಬೇಕು. ಪದವಿ ಮುಗಿಸಿದ ಬಹಳ ಜನರಿಗೆ ಮೊದಲ ಕೆಲಸ ಸಿಗುವುದು ಇಂಥ ವರದಿ ಬರೆಯುವ ಕಡೆ. ಒಳ್ಳೆಯ ವರದಿಗಳಿವೆ. ನಾನು ಓದಿದ ಕೆಟ್ಟ ವರದಿಯೊಂದರಲ್ಲಿ ಹಕ್ಕಿಗಳ ಪಟ್ಟಿ ಚೆನ್ನಾಗಿತ್ತು, ಎಣಿಕೆ ಮಾತ್ರ ಎರಡೇ ವಾರದ್ದು. ವಲಸೆ ಹಕ್ಕಿ ಬಂದು ಹೋಗಿ ಆಗಿತ್ತು. ಪಟ್ಟಿಯಲ್ಲಿ ಇಲ್ಲದ ಹಕ್ಕಿ ಕಾಗದದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಾನು ಕೇಳಿದ್ದು ಏನಿರಬಹುದು ಅಂತ ನಿಮಗೆ ಗೊತ್ತಾಗಿರುತ್ತದೆ.

ಕೆಲಸದ ವಿಷಯ ನೇರವಾಗಿ ಹೇಳುತ್ತೇನೆ. ತಂದೆತಾಯಂದಿರು ಅದಕ್ಕೇ ಕಾಯುತ್ತಿದ್ದೀರಿ. ನೀರು, ಗಾಳಿ, ಮಣ್ಣು ಪರೀಕ್ಷೆಯ ಲ್ಯಾಬುಗಳು, ಕಾರ್ಖಾನೆಗಳ ಪರಿಸರ ಮತ್ತು ಸುರಕ್ಷತಾ ವಿಭಾಗ, ಸಲಹಾ ಸಂಸ್ಥೆಗಳು, ಮಾಲಿನ್ಯ ನಿಯಂತ್ರಣ ಇಲಾಖೆಗಳು, ಕಸ ನಿರ್ವಹಣೆ, ನಕ್ಷೆ ಮಾಡುವ ಕೆಲಸ, ವನ್ಯಜೀವಿ ಸಂಸ್ಥೆಗಳು, ಕಂಪನಿಗಳ ಇಂಗಾಲದ ಲೆಕ್ಕ ಬರೆಯುವುದು, ಹೀಗೆ ದಾರಿಗಳಿವೆ. ಈ ಪದವಿಯ ಕಷ್ಟ ಏನೆಂದರೆ ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತಾಗುತ್ತದೆ. ಕೆಲಸ ಕೊಡುವವರು ಸ್ವಲ್ಪ ಸ್ವಲ್ಪ ಕೇಳುವುದಿಲ್ಲ. "ನಿನಗೆ ಏನು ಮಾಡಲು ಬರುತ್ತದೆ?" ಅಂತ ಕೇಳುತ್ತಾರೆ. ಆಗ ಒಂದಾದರೂ ಗಟ್ಟಿ ಉತ್ತರ ಬೇಕು. ಜಿಐಎಸ್ ಇರಬಹುದು, ಲ್ಯಾಬಿನ ಯಂತ್ರ ಇರಬಹುದು, ಸ್ಟ್ಯಾಟಿಸ್ಟಿಕ್ಸ್ ಇರಬಹುದು, ಸಸ್ಯ ಗುರುತಿಸುವುದಿರಬಹುದು. ಎರಡನೇ ವರ್ಷ ಮುಗಿಯುವಷ್ಟರಲ್ಲಿ ಒಂದನ್ನು ಹಿಡಿದು ಕೂತುಕೊಳ್ಳಿ. ಕೊನೆಯ ವರ್ಷದವರೆಗೆ ಎಲ್ಲ ವಿಷಯವನ್ನೂ ಸಮನಾಗಿ ಓದಿದ ಜಾಣರು ಆಮೇಲೆ ಪರದಾಡಿದ್ದನ್ನು ನೋಡಿದ್ದೇನೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ವರ್ಷಕ್ಕೆ ಎಷ್ಟು ದಿನ ಫೀಲ್ಡ್‌ಗೆ ಕರೆದುಕೊಂಡು ಹೋಗುತ್ತಾರೆ ಅಂತ ಓದುತ್ತಿರುವ ಮಕ್ಕಳನ್ನು ಕೇಳಿ. ಲ್ಯಾಬಿನ ಯಂತ್ರಗಳ ಮೇಲೆ ಬಟ್ಟೆ ಮುಚ್ಚಿದೆಯಾ, ಮುಚ್ಚಿದ್ದರೆ ಆ ಬಟ್ಟೆ ಮೇಲೆ ಧೂಳಿದೆಯಾ ನೋಡಿ.

ಒಬ್ಬರು ಚೀಟಿ ಕಳಿಸಿದ್ದಾರೆ, ಈ ವಿಷಯ ಓದಿ ಬೇಸರ ಬರುವುದಿಲ್ಲವಾ ಅಂತ. ಬರುತ್ತದೆ. ಮೂರನೇ ವರ್ಷದ ಹೊತ್ತಿಗೆ ತರಗತಿಯಲ್ಲಿ ಒಂದು ಮಬ್ಬು ಕವಿಯುವುದನ್ನು ಪ್ರತಿ ಸಲ ನೋಡುತ್ತೇನೆ. ಎಲ್ಲವೂ ಹಾಳಾಗುವ ಗ್ರಾಫುಗಳೇ. ನಾನು ಸಮಾಧಾನದ ಮಾತು ಹೇಳಲು ಹೋಗುವುದಿಲ್ಲ, ಓಜೋನ್ ಪಾಠ ಮಾಡುತ್ತೇನೆ. 1985ರಲ್ಲಿ ಅಂಟಾರ್ಕ್ಟಿಕಾದ ಹ್ಯಾಲಿ ನೆಲೆಯ ಅಳತೆ ಹಿಡಿದುಕೊಂಡು ಫಾರ್ಮನ್, ಗಾರ್ಡಿನರ್, ಶ್ಯಾಂಕ್ಲಿನ್ ಮೂವರು ಅಲ್ಲಿ ಓಜೋನ್ ಭಾರೀ ಕುಸಿದಿದೆ ಅಂತ ಬರೆದರು. ನೆಲದ ಮೇಲೆ ಇಟ್ಟ ಹಳೇ ಮಾದರಿಯ ಉಪಕರಣ. ಮೇಲೆ ಹಾರುತ್ತಿದ್ದ ಉಪಗ್ರಹಕ್ಕೂ ಆ ಕಡಿಮೆ ಅಂಕಿಗಳು ಸಿಕ್ಕಿದ್ದವು. ಆದರೆ ಇಷ್ಟು ಕಡಿಮೆ ಇರಲಾರದು ಅಂತ ಅವಕ್ಕೆ ಅನುಮಾನದ ಗುರುತು ಬಿದ್ದಿತ್ತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಕಾರಣವಾದ ಅನಿಲಗಳ ತಯಾರಿ ನಿಲ್ಲುತ್ತಾ ಬಂತು. ಅಂಟಾರ್ಕ್ಟಿಕಾದ ಮೇಲಿನ ಓಜೋನ್ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಅಂತ ಅಂದಾಜು. ನಿಧಾನ ಹೌದು. ಆ ಗ್ರಾಫನ್ನು ವಿದ್ಯಾರ್ಥಿಗಳಿಂದಲೇ ಬರೆಸುತ್ತೇನೆ, ಅಷ್ಟೇ.

ಗಣಿತ ಬರದಿದ್ದರೆ ಏನು ಮಾಡಲಿ ಅಂತ ಇನ್ನೊಂದು ಚೀಟಿ. ಕಠಿಣ ಗಣಿತ ಬೇಕಿಲ್ಲ. ಆದರೆ ಒಂದು ಕೆರೆಯಿಂದ ಎಷ್ಟು ಬಾಟಲಿ ನೀರು ಹಿಡಿದರೆ ಸಾಕು, ಎರಡು ಕೆರೆಗಳ ನಡುವಿನ ವ್ಯತ್ಯಾಸ ನಿಜವಾ ಅಥವಾ ಸುಮ್ನೆ ಹಾಗೆ ಬಂತಾ, ಇದನ್ನು ಹೇಳುವಷ್ಟು ಸ್ಟ್ಯಾಟಿಸ್ಟಿಕ್ಸ್ ಬೇಕೇ ಬೇಕು. ನಿಮ್ಮದೇ ಅಂಕಿಗಳ ಮೇಲೆ ಕಲಿತರೆ ಅದು ಅಷ್ಟೇನೂ ಹೆದರಿಸುವುದಿಲ್ಲ.

ಕೊನೆಯ ಚೀಟಿ: ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಏನು ತೆಗೆದುಕೊಳ್ಳಬೇಕು? ಹವಾಮಾನ ಬದಲಾವಣೆ ಅಂತ ತೆಗೆದುಕೊಳ್ಳಬೇಡಿ, ನಾಲ್ಕು ತಿಂಗಳಲ್ಲಿ ಮುಗಿಯುವುದಿಲ್ಲ. ಸಣ್ಣದು ತೆಗೆದುಕೊಳ್ಳಿ. ಹತ್ತಿರದಲ್ಲೊಂದು ಕೆರೆ ಇದ್ದರೆ, 24 ಗಂಟೆ, ಎರಡು ಗಂಟೆಗೊಂದು ಬಾಟಲಿ, ತಿಂಗಳಿಗೊಮ್ಮೆ. ಗುಂಪಿನಲ್ಲಿ ಮೂರು ಜನ ಇದ್ದರೆ ಪಾಳಿ ಹಾಕಿಕೊಳ್ಳಬಹುದು. ಬೆಳಗಿನ ಜಾವ ಎರಡರಿಂದ ಆರರ ಪಾಳಿಗೆ ಯಾರೂ ತಾನಾಗಿ ಒಪ್ಪುವುದಿಲ್ಲ, ಅದಕ್ಕೆ ಮೊದಲ ದಿನವೇ ಚೀಟಿ ಎತ್ತಿಬಿಡಿ.